ಬೋರ್ಡಿನ ಮೂರನೆಯ ಶಬ್ದ

ಮೂರನೆಯ ಮೆಟ್ಟಿಲು ಹತ್ತಿದ್ದ ದಾನವ್ವ ಬೋರ್ಡು ಓದಿ ಅಲ್ಲೇ ನಿಂತುಬಿಟ್ಟಳು. ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದುತ್ತಾಳೆ, ಆದರೆ ಓದಿದ್ದನ್ನು ಸುಲಭಕ್ಕೆ ಮರೆಯುವುದಿಲ್ಲ. 'ಚರ್ಮರೋಗ, ಗುಪ್ತರೋಗ, ಕುಷ್ಠರೋಗ ತಜ್ಞರು. ಪ್ರತಿ ಮಂಗಳವಾರ ಮಾತ್ರ.' ಎರಡನೆಯ ಶಬ್ದಕ್ಕೆ ಅವಳಿಗೆ ನಾಚಿಕೆಯಾಯಿತು, ಮೂರನೆಯದಕ್ಕೆ ಎದೆ ಧಸಕ್ಕೆಂದಿತು. ಶಿಗ್ಗಾವಿಯ ಬಸ್‌ಸ್ಟ್ಯಾಂಡಿನ ಎದುರಿಗೆ, ತಮ್ಮ ಹಿರೇಬೆಂಡಿಗೇರಿಯ ಅರ್ಧ ಊರೇ ಓಡಾಡುವ ರಸ್ತೆಯಲ್ಲಿ, ಇಂಥ ಬೋರ್ಡಿನ ಕೆಳಗೆ ಲಗ್ನಕ್ಕೆ ಬಂದ ಮಗಳನ್ನು ಕರೆದುಕೊಂಡು ನಿಂತಿದ್ದಾಳಲ್ಲ!

"ಇಳಿ, ಇಳಿ. ಯಾರರ ನೋಡ್ಯಾರು," ಎಂದು ಸವಿತಾಳ ತೋಳು ಜಗ್ಗಿದಳು.

"ಅವ್ವಾ, ಖರೇ ಡಾಕ್ಟರ್ ಅಂದ್ರ ಇವರ. ಮೊಡವಿ ಕಲಿಗೂ ಇವರ ಕಡೇನ ಬರಬೇಕಿತ್ತು."

"ಮೊಡವಿ ಅಂತ ಎಲ್ಲಿ ಬರದಾರ, ತೋರಸು! ಆ ಪಾರ್ಲರಿನ ಬೋರ್ಡಿನ್ಯಾಗ ಒಂದರ ರೋಗದ ಹೆಸರಿತ್ತೇನು? ಚಂದಾಗಿ ಗುಲಾಬಿ ಹೂವು ತಗದಿದ್ರು."

"ಹೂವು ನೋಡಿ ಒಳಗ ಹೋಗಿದ್ದಕ್ಕ ಈ ಮಾರಿ ಆತು," ಎಂದು ಸವಿತಾ ಓಢಣಿ ಸರಿಸಿದಳು.

ಎಡಗೆನ್ನೆ ಕಣ್ಣಿನ ಕೆಳಗಿನಿಂದ ದವಡೆಯವರೆಗೆ ಕಪ್ಪಗೆ ಕಂದಿಹೋಗಿತ್ತು. ನಡುನಡುವೆ ಸಿಪ್ಪೆ ಎದ್ದು ಕೆಂಪು ಕಾಣುತ್ತಿತ್ತು. ಮೇಲಿನ ಒಂದು ಪದರು ಕಿತ್ತು ಬಂದರೆ ಮೊಡವೆಯ ಕುಳಿಗಳೆಲ್ಲ ಮಾಯ ಎಂದು ಹೇಳಿ ಪಾರ್ಲರಿನಾಕೆ ಎಂಥದೋ ಪೀಲ್ ಹಚ್ಚಿದ್ದಳು. ಉರಿಯುತ್ತದೆ ಎಂದರೆ, ಉರಿದರೇನೇ ಕೆಲಸ ಮಾಡುತ್ತದೆ ಎಂದಿದ್ದಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಸಾಲದ್ದಕ್ಕೆ ದಾನವ್ವ ತನ್ನ ಕೈಯಾರೆ ಅದರ ಮೇಲೆ ಅರಿಶಿಣ, ಲಿಂಬೆರಸ ಬಳಿದಿದ್ದಳು. ಐತವಾರ ಅಕ್ಕಿಆಲೂರಿನವರು ಕನ್ಯೆ ನೋಡಲು ಬರುವವರು. ಮುಖ ಸುಟ್ಟು ಇಂದಿಗೆ ಮೂರು ದಿನ.

"ಡಾಕ್ಟರ್ ಒಂದು ಗಂಟೇಕ ಹೊಕ್ಕಾರ. ಮತ್ತ ಬರೂದು ಮುಂದಿನ ಮಂಗಳವಾರ," ಎಂದಳು ಸವಿತಾ.

ಮೇಲೆ ಕಟಾಂಜನದ ಕಂಬಿಗೆ ಒರಗಿ ನಿಂತು ಕಂಪೌಂಡರ್ ಪೇಶಂಟುಗಳ ಹೆಸರನ್ನು ರಸ್ತೆಗೆಲ್ಲ ಕೇಳುವಂತೆ ಕೂಗುತ್ತಿದ್ದ. ದಾನವ್ವ ಅದನ್ನು ಕೇಳಿಸಿಕೊಂಡು, ಸೆರಗು ಸರಿಮಾಡಿಕೊಂಡು, "ಹಂಗಾರ ನಿನ್ನ ಹೆಸರು ಬ್ಯಾಡ. ನನ್ನ ಹೆಸರು ಬರಸು," ಎಂದಳು.

ಡಾಕ್ಟರಮ್ಮ ಸವಿತಾಳ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. "ಪೀಲ್ ಕೆಟ್ಟದ್ದಲ್ಲ. ನಿಮ್ಮ ಚರ್ಮ ಎಂಥಾದ್ದು ಅಂತ ಮೊದಲ ನೋಡಿ, ತಿಂಗಳಿಗೆ ಒಂದು ಸಲ, ಸೌಮ್ಯದ್ದು ಹಚ್ಚಬೇಕಿತ್ತು. ಅವರು ಒಂದ ದಿನಕ್ಕ ಸುಟ್ಟಾರ. ಬಿಸಲಿಗೆ ಹೋಗಬ್ಯಾಡ್ರಿ, ಅರಿಶಿಣ, ಲಿಂಬಿ ಮುಟ್ಟಸಬ್ಯಾಡ್ರಿ. ಕಪ್ಪು ಹೋಗತದ."

"ಐತವಾರಕ್ಕ ಹೊಕ್ಕೇತೇನ್ರಿ?"

"ಐತವಾರಕ್ಕ ಹೆಂಗ್ರಿ ಹೋಗತದ? ಮೂರು ತಿಂಗಳರ ಬೇಕು."

ದಾನವ್ವನಿಗೆ 'ಹೋಗತದ' ಎನ್ನುವ ಒಂದು ಮಾತು ಸಾಕಾಗಿತ್ತು. ಮೆಟ್ಟಿಲಿಳಿಯುವಾಗ ಲೆಕ್ಕ ಹಾಕಿದಳು: ಮನೆಯಲ್ಲಿ ಸೂತಕ ಎಂದೋ ಗೊಂಜಾಳದ ಸುಗ್ಗಿ ಎಂದೋ ಹೇಳಿ ದಿನ ಮುಂದಕ್ಕೆ ಹಾಕಿಸಿದರಾಯಿತು. ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು. ಮೂರು ತಿಂಗಳು ಕಾಯಲಾರರೇ?

ಕೆಳಗಿನ ಔಷಧಿ ಅಂಗಡಿಗೆ ಚೀಟಿ ಕೊಟ್ಟು ತಿರುಗಿದರೆ ಪಕ್ಕದಲ್ಲೇ ಅಜ್ಜಪ್ಪ! ಅಕ್ಕಿಆಲೂರಿನ ಹುಡುಗನ ಸೋದರಮಾವ, ಈ ಸಂಬಂಧಕ್ಕೆ ಮಾತು ಹಾಕಿದವನೇ ಅವನು. ಅವನು ಎಲೆಗೆ ಸುಣ್ಣ ಹಚ್ಚಿ ಮಡಚುತ್ತಿದ್ದವನು, "ಏನ ತಂಗೆವ್ವಾ, ನೀವಿಲ್ಲಿ! ತಗೋ, ಎಲಿ ಹಾಕ್ಕೋ," ಎಂದು ಕೈ ಮುಂದೆ ಮಾಡಿದ.

ಅಷ್ಟರಲ್ಲಿ ಅಂಗಡಿಯವನು ಕೂಗಿದ: "ಮ್ಯಾಲಿನ ಡಾಕ್ಟರ್ ಚೀಟಿ ಯಾರದ್ರೀ? ದಾನವ್ವ ಯಾರು?"

ಅಜ್ಜಪ್ಪನ ಕಣ್ಣು ಸವಿತಾಳ ಓಢಣಿಯ ಕಡೆ ಹೊರಳಿತು. ದಾನವ್ವ ಅದು ಅಲ್ಲಿ ನಿಲ್ಲಲು ಬಿಡಲಿಲ್ಲ.

"ನಂದರೀ, ಅಣ್ಣಾರ. ನನಗ ಆರಾಮಿಲ್ಲ. ಇಕಿ ನನ್ನ ಜೋಡಿ ಬಂದಾಳಷ್ಟ. ಧೂಳಂತ ಮಾರಿ ಮುಚಗೊಂಡಾಳ. ಇಕಿಗೇನೂ ಆಗಿಲ್ರಿ, ದೇವರಾಣಿ."

"ಅವ್ವಾ," ಎಂದು ಸವಿತಾ ತಾಯಿಯ ಮೊಣಕೈ ಹಿಂಡಿದಳು. ದಾನವ್ವ ತಿರುಗಿ ನೋಡಲಿಲ್ಲ. ಮಗಳನ್ನು ಉಳಿಸಿಕೊಂಡೆ ಎಂದು ಅವಳಿಗೆ ಆ ದಿನ ಮೊದಲ ಸಲ ಉಸಿರು ಸಲೀಸಾಗಿ ಬಂತು.

ಅಜ್ಜಪ್ಪ ತಲೆಯೆತ್ತಿ ಬೋರ್ಡು ಓದಿದ. ಅವನೂ ಕೂಡಿಸಿಕೊಂಡು ಓದುವವನೇ, ಹೊತ್ತು ಹಿಡಿಯಿತು. ಕೊನೆಗೆ ಮುಂದೆ ಚಾಚಿದ್ದ ಎಲೆಯನ್ನು ದಾನವ್ವನ ಕೈಗೆ ಕೊಡದೆ ಅಂಗಡಿಯ ಗಾಜಿನ ಮೇಲಿಟ್ಟು, ಬೆರಳುಗಳನ್ನು ಧೋತರಕ್ಕೆ ಒರೆಸಿಕೊಂಡ.

"ಈಗ ಎಲ್ಲಾದಕ್ಕೂ ಔಷಧ ಐತಿ. ಆರಾಮ ಆಕ್ಕೈತಿ, ತಗೋ," ಎಂದ. ಆಮೇಲೆ ಸವಿತಾಳ ಮುಖ ನೋಡಲಿಲ್ಲ, ಅವಳ ಎರಡೂ ಕೈಗಳ ಬೆರಳುಗಳನ್ನು ಒಂದೊಂದಾಗಿ ನೋಡಿ, ದನಿ ಇಳಿಸಿ ಕೇಳಿದ:

"ತಾಯಿಂದ ಮಕ್ಕಳಿಗೆ ಬರತೈತಂತಲ್ಲ ತಂಗೆವ್ವಾ, ಖರೇನ?"