ಫೋಟೊ ಇಲ್ಲದ ಚುಕ್ಕಿ

"ಅಳಿಸು ಅದನ್ನ," ಎಂದಳು ಇನಾಕ್ ವಿಲ್ದಾನ್ ಟೀಚರ್. ಗಂಟೆ ಎಂಟೂಕಾಲು. ಒಂಬತ್ತಕ್ಕೆ ಶಾಲಾ ಇನ್ಸ್‌ಪೆಕ್ಟರು ಬರುವವರಿದ್ದರು.

ಆರನೇ ತರಗತಿಯ ಮಹ್ಯುನಿ ಟ್ಯಾಬ್ಲೆಟ್ಟನ್ನು ಎದೆಗೆ ಅವುಚಿಕೊಂಡಳು. "ಯಾಕೆ ಟೀಚರ್? ಅಜ್ಜಿ ಸುಳ್ಳು ಹೇಳಿಲ್ಲ."

"ಫೋಟೊ ಎಲ್ಲಿ? ಫೋಟೊ ಇಲ್ಲದಿದ್ರೆ ಚುಕ್ಕಿ ಇಲ್ಲ. ಈ ನಿಯಮ ಮಾಡಿದ್ದು ಯಾರು?"

"ನೀವೇ."

"ಮತ್ತೆ?"

ನಿಯಮ ಆಕೆಯದೇ, ಯೋಜನೆಯೂ ಆಕೆಯದೇ. ಲೊಂಬೊಕ್ ದ್ವೀಪದ ಆ ಊರನ್ನು ಎರಡು ವರ್ಷದ ಹಿಂದೆ ಭೂಕಂಪ ಅಲ್ಲಾಡಿಸಿ ಹೋಗಿತ್ತು. ಮಕ್ಕಳು ನಾಲ್ಕು ಟ್ಯಾಬ್ಲೆಟ್ಟು ಹಿಡಿದು ಮನೆಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿದ್ದರು: ಮತ್ತೆ ಭೂಮಿ ನಡುಗಿದರೆ ನಿಮ್ಮವರಲ್ಲಿ ಯಾರನ್ನು ಹುಡುಕಬೇಕು? ಹೇಳಿದ ಹೆಸರಿಗೆಲ್ಲ ನಕ್ಷೆಯ ಮೇಲೆ ಒಂದೊಂದು ಚುಕ್ಕಿ. ಚುಕ್ಕಿ ಒತ್ತಿದರೆ ಮನೆಯವರ ದನಿ. ಹುಡುಕಬೇಕಾದವರ ಫೋಟೊ ಸೇರಿಸಿದರೆ ಚುಕ್ಕಿ ಹಸಿರಾಗುತ್ತಿತ್ತು. ಇನ್ನೂರ ಹನ್ನೆರಡು ಹಸಿರಾಗಿದ್ದವು. ಒಂದೇ ಒಂದು ಬೂದು ಬಣ್ಣಕ್ಕೆ ಕೂತಿತ್ತು, ಶಾಲೆಯ ಹಿಂಗೋಡೆಗೆ ಅಂಟಿಕೊಂಡ ಬಾವಿ ಓಣಿಯಲ್ಲಿ.

ಆ ಓಣಿಗೆ ಟೀಚರ್ ಕಾಲಿಡುತ್ತಿರಲಿಲ್ಲ. ಮಕ್ಕಳನ್ನಷ್ಟೇ ಕಳಿಸಿದ್ದಳು.

ಅಲ್ಲಿದ್ದವಳು ಇನಾಕ್ ಸಕ್ನಾ, ಎರಡೂ ಕಣ್ಣು ಹೋದ ಮುದುಕಿ. ಇನಾಕ್ ಎಂದರೆ ತಾಯಿ. ಮೊದಲ ಮಗು ಹುಟ್ಟಿದ ದಿನದಿಂದ ಹೆಂಗಸನ್ನು ಆ ಮಗುವಿನ ಹೆಸರು ಹಿಡಿದೇ ಕರೆಯುವುದು ಅಲ್ಲಿನ ಪದ್ಧತಿ; ಟೀಚರ್ ವಿಲ್ದಾನನ ತಾಯಿ, ಈ ಮುದುಕಿ ಸಕ್ನಾಳ ತಾಯಿ. ಹೆಂಗಸಿನ ಸ್ವಂತ ಹೆಸರು ಸರ್ಕಾರಿ ಕಾಗದಕ್ಕೆ ಮಾತ್ರ. ಆದರೆ ಈ ಸಕ್ನಾಳನ್ನು ಕಂಡವರೇ ಇಲ್ಲ. ಮುದುಕಿ ಭೂಕಂಪದ ನಂತರ ಗುಡ್ಡದ ಊರಿಂದ ಬಂದವಳು. ಮಗಳು ಎಳವೆಯಲ್ಲೇ ಸತ್ತಿರಬೇಕು ಎಂದು ಓಣಿ ತನ್ನಷ್ಟಕ್ಕೆ ತೀರ್ಮಾನ ಮಾಡಿ ಕೈತೊಳೆದುಕೊಂಡಿತ್ತು.

"ಅಜ್ಜಿ ಏನಂದ್ರು ಗೊತ್ತಾ ಟೀಚರ್? ಇದನ್ನ ಮೊದಲು ನಿಮ್ಮ ಟೀಚರಿಗೆ ಕೇಳಿಸು ಅಂದ್ರು."

"ಕೇಳಿ ಆಯ್ತಲ್ಲ. ಅಳಿಸು."

ಹನ್ನೊಂದು ವರ್ಷ ಗುತ್ತಿಗೆಯ ಮೇಲೆ ದುಡಿದಿದ್ದಳು ಆಕೆ. ಇವತ್ತು ಇನ್ಸ್‌ಪೆಕ್ಟರು ಸಹಿ ಹಾಕಿದರೆ ಕೆಲಸ ಕಾಯಂ. ನಕ್ಷೆಯಲ್ಲಿ ಒಂದೇ ಒಂದು ಕಟ್ಟುಕತೆ ಸಿಕ್ಕರೂ ಕಾಗದ ಬಂದ ದಾರಿಯಲ್ಲೇ ವಾಪಸು. ಪಕ್ಕದ ಊರಿನ ಶಾಲೆಯಲ್ಲಿ ಹಾಗೆ ಆಗಿತ್ತು. ಕಿಟಕಿಗೆ ಹೋದಳು, ಬಂದಳು, ಪ್ರೊಜೆಕ್ಟರಿನ ವೈರು ಮೂರನೇ ಸಲ ಕಿತ್ತು ಚುಚ್ಚಿದಳು.

ಮತ್ತೆ ಕಿಟಕಿಗೆ ಹೋದವಳು ಅಲ್ಲೇ ನಿಂತಳು. ಅಂಗಳದಲ್ಲಿ ಇಬ್ಬರು ಹುಡುಗಿಯರ ಭುಜ ಹಿಡಿದು ಇನಾಕ್ ಸಕ್ನಾ ಬರುತ್ತಿದ್ದಳು.

"ಅವರನ್ನ ಯಾರು ಕರೆದಿದ್ದು?"

"ನಕ್ಷೆಲಿರೋ ಮನೆಯವರನ್ನೆಲ್ಲ ಕರೀರಿ ಅಂದಿದ್ದೂ ನೀವೇ," ಎಂದಳು ಮಹ್ಯುನಿ. ಎಲಾ ಹುಡುಗಿ! ಈ ಮಾತುಗಾರಿಕೆ ಕಲಿಸಿದ್ದೂ ಟೀಚರೇ.

ಟೀಚರ್ ಗಂಟಲು ಮುಟ್ಟಿ ತೋರಿಸಿ ಪಿಸುಗುಟ್ಟಿದಳು. "ಗಂಟಲು ಕಟ್ಟಿದೆ. ಮಾತೆಲ್ಲ ನೀನೇ ಆಡು." ಸೀಮೆಸುಣ್ಣ ಹಿಡಿದು ಮೂಲೆ ಸೇರಿದಳು.

ಮುದುಕಿಯನ್ನು ಮುಂದಿನ ಬೆಂಚಿಗೆ ಕೂರಿಸಿದರು. ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ಪೊಟ್ಟಣ ತಂದಿದ್ದಳು. "ನಿಮ್ಮ ಟೀಚರ್ ಎಲ್ಲವ್ವಾ?"

"ಇಲ್ಲೇ ಇದ್ದಾರೆ ಅಜ್ಜಿ. ಗಂಟಲು ಕಟ್ಟಿದೆಯಂತೆ."

"ಹೌದಾ? ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೆ ಚೆನ್ನಾಗೇ ಇತ್ತಲ್ಲ," ಎಂದು ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಇನ್ಸ್‌ಪೆಕ್ಟರ್ ಸುಹಾರ್ದಿ ಹೇಳಿದ ಹೊತ್ತಿಗೆ ಬಂದರು. ಮಹ್ಯುನಿ ನಕ್ಷೆ ಹಾಕಿದಳು. ಅವರು ತಲೆದೂಗಿದರು, ಅಲ್ಲೊಂದು ಇಲ್ಲೊಂದು ಚುಕ್ಕಿ ಒತ್ತಿಸಿದರು. ಆಮೇಲೆ ಅವರ ಬೆರಳು ನೆಟ್ಟಗೆ ಬೂದು ಚುಕ್ಕಿಯ ಕಡೆ ಹೋಯಿತು. ಅಳಿಸಿರಲಿಲ್ಲ, ಹಟಮಾರಿ ಹುಡುಗಿ.

ಮುದುಕಿಯ ದನಿ ತರಗತಿ ತುಂಬಿತು.

"ಸಕ್ನಾನ ಹುಡುಕಿ. ಹದಿನೇಳಕ್ಕೆ ಹುಡುಗನ ಜೊತೆ ಓಡಿಹೋದ್ಲು. ನಮ್ಮಲ್ಲಿ ಎಲ್ಲರೂ ಹಾಗೇ ಓಡಿಹೋಗಿ ಮದುವೆ ಆಗೋದು, ಮೂರನೇ ದಿನ ರಾಜಿ ಆಗತ್ತೆ. ಅವಳಪ್ಪ ರಾಜಿಗೆ ಒಪ್ಪಲಿಲ್ಲ. ಬಾಗಿಲು ಹಾಕಿದ. ಈಗ ಅಪ್ಪನೂ ಇಲ್ಲ, ಆ ಬಾಗಿಲೂ ಇಲ್ಲ. ಅವಳಿಗೆ ಅಷ್ಟು ಹೇಳಿ."

ಇನ್ಸ್‌ಪೆಕ್ಟರು ನಕ್ಷೆಯ ಹತ್ತಿರಕ್ಕೆ ಬಂದರು.

"ಫೋಟೊ ಯಾಕಿಲ್ಲ?" ಎಂದರು ಇನ್ಸ್‌ಪೆಕ್ಟರು.

"ಆಕೆ ಸಿಕ್ಕಿಲ್ಲ ಸರ್," ಎಂದಳು ಮಹ್ಯುನಿ.

"ಇಲ್ಲದವರನ್ನ ನಕ್ಷೆಗೆ ಸೇರಿಸಿದ್ರೆ, ನಾಳೆ ಕಲ್ಲುಮಣ್ಣಿನ ಅಡಿ ನಾವು ಯಾರನ್ನಮ್ಮಾ ಹುಡುಕೋದು? ನೀನೇ ಕಟ್ಟಿದ್ದಾ ಈ ಕತೆ?"

ಮಹ್ಯುನಿಯ ಕಣ್ಣು ತುಂಬಿತು. ಟೀಚರ್ ಕಡೆ ತಿರುಗಿದಳು. ಇಡೀ ತರಗತಿ ತಿರುಗಿತು.

ಇನ್ಸ್‌ಪೆಕ್ಟರು ಕಾಯಂ ಮಾಡುವ ಕಾಗದ ಬಿಡಿಸಿದರು. ಅದರಲ್ಲಿದ್ದ ಹೆಸರು ಓದಿದರು, ಟೀಚರ್ ಮುಖ ನೋಡಿದರು, ಮತ್ತೆ ಓದಿದರು. ಪೆನ್ನಿನ ಮುಚ್ಚಳ ತೆಗೆದವರು ಹಾಗೇ ಹಿಡಿದುಕೊಂಡು ನಿಂತರು.

"ಟೀಚರ್, ನೀವು ಹೇಳಿ. ಈ ಸಕ್ನಾ ಸುಳ್ಳೋ, ನಿಜವೋ?"

ಸುಳ್ಳು ಎನ್ನುವುದಕ್ಕೆ ಬಾಯಿಯೇ ಬೇಕಿರಲಿಲ್ಲ, ತಲೆಯಾಡಿಸಿದರೆ ಸಾಕಿತ್ತು. ಮಹ್ಯುನಿ ಎರಡು ದಿನ ಅತ್ತು ಮರೆಯುತ್ತಿದ್ದಳು. ಮುದುಕಿ ಮತ್ತೆ ಗೋಡೆಯಾಚೆ ಹೋಗುತ್ತಿದ್ದಳು. ಸೀಮೆಸುಣ್ಣ ಟೀಚರ್ ಕೈಯಲ್ಲಿ ಪಟ್ಟೆಂದು ಮುರಿಯಿತು.

"ನಿಜ ಸರ್," ಎಂದಳು, ಗಟ್ಟಿಯಾಗಿ.

ಮುದುಕಿ ತೊಡೆಯ ಮೇಲಿನ ಪೊಟ್ಟಣವನ್ನು ಆ ದನಿಯ ಕಡೆಗೆ ಚಾಚಿದಳು.

"ಫೋಟೊ ಹೊಡಿ ಮಹ್ಯುನಿ, ಇವಳೇ ನನ್ನ ಮಗಳು. ಬಾರೇ ಸಕ್ನಾ, ಎರಡು ವರ್ಷದಿಂದ ಗೋಡೆಗೆ ಕಿವಿ ಕೊಟ್ಟು ನಿನ್ನ ಪಾಠ ಕೇಳ್ತಾ ಕೂತಿದ್ದೀನಿ, ನಿನ್ನ ಗಂಟಲಿಗೇನೂ ಆಗಿಲ್ಲ."