ಸಿಗ್ವಾರ್ಡನ ಪ್ರತಿವಿಷ

ತೂರೆ ಹೆಡ್ಮನ್ ಆ ವರದಿಯನ್ನು ಮಡಿಸಿ ಕೋಟಿನ ಒಳಜೇಬಿಗೆ ತುರುಕಿದ್ದನ್ನು ಸಿಗ್ವಾರ್ಡ್ ಕಣ್ಣಾರೆ ಕಂಡ. ಗಾಜಿನ ಬಾಗಿಲಿನ ಆಚೆಯಿಂದ. ತೂರೆಗೆ ಗೊತ್ತಾಗಲಿಲ್ಲ.

ಅದು ಸಿಗ್ವಾರ್ಡನದೇ ವರದಿ, ಪ್ರಯೋಗಾಲಯದಿಂದ ಹೊರಗೆ ಒಯ್ಯಬಾರದ್ದು. ರಷ್ಯನ್ನರ ನರವಿಷದ ದಾಳಿಗೆ ಸಿಕ್ಕ ಸೈನಿಕನನ್ನು ಬದುಕಿಸಬಲ್ಲ ಪ್ರತಿವಿಷ. ಉತ್ತರ ಸ್ವೀಡನ್ನಿನ ಈ ಸೇನಾ ಪ್ರಯೋಗಾಲಯದಲ್ಲಿ ಅವನು ಇಪ್ಪತ್ತೆರಡು ವರ್ಷ ಸವೆಸಿದ್ದು ಇದೊಂದಕ್ಕೇ. ಅವನು ತಯಾರಿಸಿದ ಮದ್ದು ಮೊಹರು ಬಿದ್ದು ದಕ್ಷಿಣದ ಪರೀಕ್ಷಾ ಕೇಂದ್ರಕ್ಕೆ ಹೋಗುತ್ತಿತ್ತು. ಅಲ್ಲಿಂದ ಫಲಿತಾಂಶ ಬರುತ್ತಿತ್ತು. ಪ್ರತಿ ಸಲವೂ ಒಂದೇ ಧಾಟಿ: ಗುರಿ ಹತ್ತಿರವಾಗಿದೆ, ಮುಂದುವರಿಸಿ. ಆ ಕೇಂದ್ರವನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಗುಟ್ಟಿನ ಕೆಲಸ, ಅವನು ಕೇಳಲೂ ಇಲ್ಲ.

ಹೆಂಡತಿ ಇಂಗೆಗೆರ್ಡ್ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ ದಿನವೂ ಅಂಥದೊಂದು ಕಾಗದ ಬಂದಿತ್ತು. ಇನ್ನೊಂದು ಗಂಟೆ ಕೆಲಸ ಮಾಡಿ ಹೊರಡೋಣ ಅಂದುಕೊಂಡವನು ತಲುಪುವಷ್ಟರಲ್ಲಿ ದಾದಿ ಅವಳ ಮುಖಕ್ಕೆ ಬಟ್ಟೆ ಹೊದಿಸಿಯಾಗಿತ್ತು. ಅವಳನ್ನು ಮಣ್ಣು ಮಾಡುವಾಗ ಅವನ ತೋಳು ಹಿಡಿದು ನಿಂತಿದ್ದವನು ಇದೇ ತೂರೆ, ಅವನ ಸಹಾಯಕ, ಅವನಿಗಿದ್ದ ಒಬ್ಬನೇ ಗೆಳೆಯ.

ಗುರುವಾರವಾದ್ದರಿಂದ ಮಧ್ಯಾಹ್ನ ಊಟದ ಕೋಣೆಯಲ್ಲಿ ಸ್ವೀಡನ್ನಿನ ವಾಡಿಕೆಯ ಬಟಾಣಿ ಸಾರು. ಇಬ್ಬರೂ ಎಂದಿನಂತೆ ಎದುರುಬದುರು ಕೂತರು.

"ಯಾಕೋ, ಮುಖ ಹೆಪ್ಪುಗಟ್ಟಿದ ಹೊಳೆ ಥರ ಇದೆ?" ಎಂದ ತೂರೆ.

"ನನ್ನ ಹತ್ರ ಹೇಳೋದು ಏನಾದ್ರೂ ಇದೆಯಾ ನಿನಗೆ?"

ತೂರೆಯ ಚಮಚ ನಡುವೆಯೇ ನಿಂತಿತು. "ಬೇಕಾದಷ್ಟಿದೆ ಕಣೋ. ಹೇಳೋಕೆ ಬಿಡಲ್ಲ."

"ಯಾರು ಬಿಡಲ್ಲ?"

"ಸಾರು ಆರಿಹೋಗುತ್ತೆ, ಕುಡಿ."

ಅಷ್ಟು ಸಾಕಾಯಿತು. ಸಿಗ್ವಾರ್ಡ್ ಎದ್ದವನೇ ಭದ್ರತಾ ಅಧಿಕಾರಿ ಮೇಜರ್ ಗ್ರಿಪ್ ಅವರ ಕೋಣೆಗೆ ನಡೆದ. ಹೇಳಬೇಕಾಗಿದ್ದದ್ದು ಗೆಳೆಯನ ಹೆಸರು. ಆದರೂ ಹೇಳಿದ.

ಮೇಜರ್ ಎದ್ದು ಬಾಗಿಲು ಹಾಕಿದರು. "ಕೂತ್ಕೊಳ್ಳಿ."

"ಕೂರೋ ಹೊತ್ತಲ್ಲ. ಅವನನ್ನ ತಡೀರಿ. ಆ ಕಾಗದ ರಷ್ಯನ್ನರ ಕೈಗೆ ಸೇರಿದ್ರೆ..."

"ಸೇರ್ತಾನೇ ಇದೆ. ಹದಿನೆಂಟು ವರ್ಷದಿಂದ. ತಲುಪಿಸು ಅಂತ ತೂರೆಗೆ ಹೇಳಿದ್ದು ನಾನೇ."

ಸಿಗ್ವಾರ್ಡ್ ಕುರ್ಚಿ ಎಳೆದುಕೊಂಡು ಕೂತ. "ನನ್ನ ಇಡೀ ಜೀವನ ಅದರಲ್ಲಿದೆ. ಶತ್ರುಗೆ ಯಾಕೆ ಕೊಟ್ರಿ?"

ಮೇಜರ್ ಕಿಟಕಿಯಾಚೆಯ ಹಿಮವನ್ನೇ ನೋಡುತ್ತ ನಿಂತರು. "ನಿಮಗೆ ತಿಳಿಸಿಬಿಡೋಣ ಅಂತ ತೂರೆ ಪ್ರತಿ ವರ್ಷ ಬಂದು ಬೇಡ್ಕೋತಿದ್ದ. ನಾನು ಒಪ್ಪಲಿಲ್ಲ. ನೀವು ನಂಬಿ ಬರೆದ್ರೆ ತಾನೆ ಅವರೂ ನಂಬೋದು."

"ಏನನ್ನ?"

"ನಿಮ್ಮ ಮದ್ದು ನಾಲ್ಕನೇ ವರ್ಷಾನೇ ಸೋತುಹೋಗಿತ್ತು, ಸಿಗ್ವಾರ್ಡ್. ಅವರೂ ಎಲ್ಲಿಗೂ ಸೇರದ ಅದೇ ದಾರೀಲಿ ಅಲೀತಿರಲಿ ಅಂತ, ಆಮೇಲಿನ ಫಲಿತಾಂಶಗಳನ್ನೆಲ್ಲ ಈ ಕೋಣೇಲೇ ಕೂತು ಬರೀತಾ ಬಂದವನು ನಾನು."