ಮೊಮ್ಮಗಳ ನಿಂಬೆಗಿಡ

“ಅಪ್ಪಾ, ಅಲ್ಲಿಡ್ಬೇಡ!” ಎಂದು ಮೆರಿಯಾನಾ ಕೂಗಿದಾಗ ಮುದುಕ ರಾವಿರಿಯ ಕೈಯಲ್ಲಿದ್ದ ಮಣ್ಣಿನ ಕುಡಿಕೆ ಗುಂಡಿಯ ಬಾಯಿಗೆ ಬಂದಿತ್ತು. ಅದರೊಳಗೆ ಅವಳ ಹಸುಗೂಸಿನ ಜೊತೆ ಹೆರಿಗೆಯಲ್ಲಿ ಬಿದ್ದ ಮಾಸು ಇತ್ತು. ಅವರ ಕುಲದ ಪದ್ಧತಿಯಂತೆ ಅದನ್ನು ಹೂತು ಮೇಲೆ ನಿಂಬೆಸಸಿ ನೆಟ್ಟ ಬಳಿಕ ಆ ಗಿಡವನ್ನು ಯಾರೂ ಕದಲಿಸುವಂತಿರಲಿಲ್ಲ.

“ಯಾಕೇ? ಮಗೂಗೆ ಅಂತಾನೇ ಕಟ್ಟಿದ ಪಾತಿ ಇದು.”

“ಸುತ್ತ ನಿಲ್ಸಿರೋದು ದ್ರಾಕ್ಷಿತೋಟದ ಹಳೇ ಮರದ ಕಂಬ. ಕೊಳೀಬಾರ್ದು ಅಂತ ಅದಕ್ಕೆ ಆರ್ಸೆನಿಕ್ ವಿಷ ಕುಡಿಸಿರ್ತಾರೆ, ಅದು ಮಣ್ಣಿಗೆ ಇಳಿಯುತ್ತೆ. ನಾಳೆ ಇವ್ಳು ಅದೇ ಮಣ್ಣಲ್ಲಿ ಕೂತು ಆಡ್ತಾಳೆ, ಬಿದ್ದ ಹಣ್ಣು ಎತ್ಕೊಂಡು ತಿಂತಾಳೆ.”

“ನೀನೂ ಅಂಥದೇ ಬೇಲಿ ಕಚ್ಕೊಂಡು ಬೆಳೆದೋಳು. ನಾಲಿಗೆಗೆ ಮಾತ್ರ ಏನೂ ಆಗಿಲ್ಲ.”

ಮಗಳು ನಗಲಿಲ್ಲ, ಕೂಸನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿ ನಿಂತಳು. ರಾವಿರಿ ತಾನೇ ಹೊತ್ತು ತಂದು ಸಾಲಾಗಿ ನಿಲ್ಲಿಸಿದ ಹಸಿರುಗಪ್ಪು ಕಂಬಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಕುಡಿಕೆಯನ್ನು ಎದೆಗವಚಿಕೊಂಡು ಎದ್ದು, ಗುದ್ದಲಿ ಹಿಡಿದು, ಮಳೆನೀರು ಕಂಬಗಳ ಕಡೆಯಿಂದ ಹರಿದು ಬರದ ಮೇಲಿನ ಇಳಿಜಾರಿಗೆ ನಡೆದ.

“ಇಲ್ಲಿ?” ಎಂದು ಕೇಳಿದ.

“ಇನ್ನೂ ಸ್ವಲ್ಪ ಮೇಲೆ, ಅಪ್ಪಾ.”

ಅವನು ಹಿಂತಿರುಗಿ ನೋಡಿದ್ದು ಪಾತಿಯನ್ನಲ್ಲ, ಕೂಸನ್ನು. ನೋಡಿ, ಇನ್ನೂ ಮೇಲಕ್ಕೆ ಹತ್ತಿದ.